ಅಜ್ಜಯ್ಯನ ಕುರ್ಚಿಯನ್ನು ಕೆರೆಸಬೇಡಿ

ತೀರ್ಥರೂಪು ಅಪ್ಪನವರಿಗೂ ಅಮ್ಮನಿಗೂ ಮಗಳು ವಸುಧಾ ಮಾಡುವ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ಅಮೆರಿಕದ ಷಾರ್ಲೆಟ್ಟಿನಲ್ಲಿ ನಾವು ಮೂವರೂ ಕ್ಷೇಮ.

ನಿಮ್ಮ ಕಾಗದ ಮಂಗಳವಾರ ಕೈಸೇರಿತು. ಕೊನೆಕೊಯ್ಲು, ಸುಮಿತ್ರತ್ತೆಯ ಮನೆಯ ಹೋಮ, ಗೌರಿ ಕರು ಹಾಕಿದ್ದು ಎಲ್ಲವನ್ನೂ ಎರಡು ಪುಟ ವಿವರವಾಗಿ ಬರೆದು, ಕೊನೆಯ ಮೂರು ಸಾಲಿನಲ್ಲಿ, ಹಾಳೆಯ ಅಂಚಿನಲ್ಲಿ ಅಡ್ಡಲಾಗಿ, ಬೆಂಗಳೂರಿನಿಂದ ಹಳೆ ಸಾಮಾನಿನ ವ್ಯಾಪಾರಿ ಬಂದಿದ್ದನೆಂದೂ, ಅಜ್ಜಯ್ಯನ ಆರಾಮ ಕುರ್ಚಿಗೂ ನಡುಮನೆಯ ಬೀಟೆ ಕಪಾಟಿಗೂ ಸೇರಿಸಿ ಒಂದು ಲಕ್ಷದ ಇಪ್ಪತ್ತು ಸಾವಿರ ಹೇಳಿದ್ದಾನೆಂದೂ, ಮಂಡಿಯ ಆಪರೇಷನ್ನಿಗೆ ಅಷ್ಟಾದರೂ ಒದಗಿತೆಂದೂ ಬರೆದಿದ್ದೀರಿ. ಫೋನಿನಲ್ಲಿ ದುಡ್ಡಿನ ಮಾತು ಬಂದ ಕೂಡಲೇ "ತಗೋ, ಅಮ್ಮನ ಹತ್ತಿರ ಮಾತಾಡು" ಎಂದು ನೀವು ದಾಟಿಸಿಬಿಡುವುದರಿಂದ ಇದನ್ನು ಬರೆದೇ ಕಳಿಸುತ್ತಿದ್ದೇನೆ. ಅಂಚೆ ತಲಪುವಷ್ಟರಲ್ಲಿ ಕಪಾಟು ಲಾರಿ ಹತ್ತಿರಬಾರದೆಂದು ಇದರ ಫೋಟೋವನ್ನು ಇವತ್ತೇ ರಮೇಶ ಚಿಕ್ಕಪ್ಪನ ಮೊಬೈಲಿಗೂ ಹಾಕುತ್ತೇನೆ. ಅವನು ನಿಮಗೆ ಓದಿ ಹೇಳಲಿ, ನಡುನಡುವೆ ತನ್ನದನ್ನು ಸೇರಿಸದೆ.

ಮೊದಲು ಸುಮಿತ್ರತ್ತೆ ಊರೆಲ್ಲ ಹಬ್ಬಿಸಿರುವ ಸುದ್ದಿಗೆ ಉತ್ತರ. ನಾವು ಹಳೆ ಸಾಮಾನಿನ ಸಂತೆಗೆ ಹೋಗಿದ್ದು ನಿಜ. ನಿಮ್ಮ ಅಳಿಯಂದಿರ ಕೆಲಸ ಹೋಗಿಲ್ಲ, ನನ್ನದೂ ಹೋಗಿಲ್ಲ, ಹೊಸ ಕುರ್ಚಿ ಕೊಳ್ಳಲು ಗತಿಯಿಲ್ಲದೆ ಯಾರೋ ಸತ್ತವರ ಕುರ್ಚಿ ತರಲು ನಾವು ಅಲ್ಲಿಗೆ ಹೋದದ್ದಲ್ಲ. ಅಲ್ಲಿನ ಒಂದು ಕುರ್ಚಿಯ ಬೆಲೆಗೆ ನಮ್ಮ ಮನೆಯ ಸೋಫಾ, ಮೇಜು, ಮಂಚ ಎಲ್ಲವೂ ಬರುತ್ತವೆ ಎಂಬುದನ್ನು ಅತ್ತೆಗೆ ದಯವಿಟ್ಟು ತಿಳಿಸಿ.

ಈ ಸಂತೆ ನಡೆಯುವುದು ನಮ್ಮಲ್ಲಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ ದೂರದ ಆಶ್‌ವಿಲ್ ಎಂಬ ಬೆಟ್ಟದ ಊರಿನಲ್ಲಿ. 1988ರಲ್ಲಿ ಶುರುವಾದದ್ದು, ಪ್ರತಿ ಫೆಬ್ರುವರಿಯಲ್ಲಿ ಗ್ರೋವ್ ಪಾರ್ಕ್ ಇನ್ ಎಂಬ ಹೋಟೆಲಿನಲ್ಲಿ ಮೂರು ದಿನ ಸೇರುತ್ತಾರೆ. ಹೋಟೆಲನ್ನು ಹತ್ತಿರದ ಬೆಟ್ಟದ ಬಂಡೆಗಳಿಂದಲೇ ಕಟ್ಟಿ 1913ರಲ್ಲಿ ತೆರೆದರು. ಕಲ್ಲನ್ನು ಕೆತ್ತಿ ನಯ ಮಾಡದೆ, ಬೆಟ್ಟದಲ್ಲಿ ಬಿದ್ದಿದ್ದಾಗ ಯಾವ ಮುಖ ಮಳೆಬಿಸಿಲು ಕಂಡು ಪಾಚಿ ಹಿಡಿದಿತ್ತೋ ಅದೇ ಮುಖ ಹೊರಗೆ ಬರುವಂತೆ ಕೂರಿಸಿದ್ದಾರೆ. ಒಳಗಿನ ಬೆಂಕಿಗೂಡುಗಳು ನಮ್ಮ ಅಡಿಕೆ ಬೇಯಿಸುವ ಒಲೆಯನ್ನು ಹಂಡೆಸಮೇತ ನುಂಗುವಷ್ಟು ದೊಡ್ಡವು. ಲಿಫ್ಟು ಆ ಚಿಮಣಿಯ ಕಲ್ಲಿನ ಒಳಗೇ ಮೇಲೇರುತ್ತದೆ. ಕಟ್ಟಿಸಿದ ಗ್ರೋವ್ ಎಂಬಾತ ಶ್ರೀಮಂತನಾದದ್ದು ಚಳಿಜ್ವರದ ಔಷಧಿ ಮಾರಿ ಎಂದು ಓದಿದಾಗ ನನಗೆ ನಗು ಬಂತು. ಕ್ವಿನೈನಿನ ಕಹಿ ಗೊತ್ತಾಗದಂತೆ ಮಾಡಿದ್ದೇ ಅವನ ಚಾಣಾಕ್ಷತನವಂತೆ. ಆ ಕಹಿಗೆ ಹೆದರಿ ಅಟ್ಟ ಹತ್ತಿ ಕೂತಿದ್ದ ಕಥೆಯನ್ನು ಅಜ್ಜಯ್ಯ ನನಗೆ ಎಷ್ಟು ಸಲ ಹೇಳಿರಬಹುದು! ಅವನ ಸೀಸೆ ನಮ್ಮ ಮಲೆನಾಡಿಗೂ ಬರಬೇಕಿತ್ತು.

ಅಲ್ಲಿ ಮಾರುವುದು ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂದು ಕರೆಯುವ ಕಾಲದ ಮರದ ಸಾಮಾನು, ಮಣ್ಣಿನ ಪಾತ್ರೆ, ತಾಮ್ರದ ದೀಪಗಳನ್ನು. ಯಂತ್ರ ಬಂದ ಮೇಲೆ ಸಾಮಾನಿನಲ್ಲಿ ಸತ್ಯ ಹೋಯಿತು, ಮಾಡುವವನ ಮುಖದಲ್ಲಿ ಸಂತೋಷ ಹೋಯಿತು ಎಂದು ಇಂಗ್ಲೆಂಡಿನಲ್ಲಿ ರಸ್ಕಿನ್ನನೂ ವಿಲಿಯಂ ಮಾರಿಸ್ಸನೂ ಹಟ ಹಿಡಿದು ಹೇಳಿದ್ದು ಅಮೆರಿಕಕ್ಕೂ ಬಂದು, ನ್ಯೂಯಾರ್ಕ್ ರಾಜ್ಯದ ಗುಸ್ತಾವ್ ಸ್ಟಿಕ್ಲಿ ಎಂಬಾತ 1900ರ ಆಸುಪಾಸಿನಲ್ಲಿ ಓಕ್ ಮರದ ನೆಟ್ಟನೆಯ, ಕೆತ್ತನೆಯಿಲ್ಲದ, ತೂಕದ ಕುರ್ಚಿ ಮೇಜುಗಳನ್ನು ಮಾಡಲು ತೊಡಗಿದನಂತೆ. ಆ ಕುರ್ಚಿಗಳ ಗೂಟ ಕಾಲಿನ ತೂತಿನಲ್ಲಿ ತೂರಿ ಆಚೆ ಬದಿಗೆ ಇಣುಕುತ್ತದೆ. ಅದನ್ನು ಮುಚ್ಚಿಡದೆ ಹಾಗೇ ತೋರಿಸುವುದೇ ಅವರ ಮರ್ಯಾದೆ. ಮೊಳೆ ಹೊಡೆಯುವವನು ಬಡಗಿಯೇ ಅಲ್ಲ ಎನ್ನುತ್ತಿದ್ದ ನಮ್ಮ ಆಚಾರಿ ಅಲ್ಲಿ ನಿಂತಿದ್ದರೆ ಗಡ್ಡ ನೀವಿಕೊಂಡು ಒಪ್ಪುತ್ತಿದ್ದ.

ಒಂದು ಕುರ್ಚಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಮಾರಿಸ್ ಕುರ್ಚಿ ಎನ್ನುತ್ತಾರೆ. ಹಿಂದಿನ ಒರಗು ಬೇರೆ, ಆಸನ ಬೇರೆ. ತೋಳಿನ ಹಿಂಬದಿಯಲ್ಲಿ ಸಾಲಾಗಿ ತೂತುಗಳಿವೆ, ಗೂಟವನ್ನು ಒಂದು ತೂತು ಹಿಂದೆ ಸರಿಸಿದರೆ ಒರಗು ಒಂದು ಹಂತ ಬಾಗುತ್ತದೆ. ಎಡತೋಳಿನ ಮುಂತುದಿ, ಕೈಬೆರಳು ಬೀಳುವ ಜಾಗ, ನೂರು ವರ್ಷ ಸವೆದು ಕಪ್ಪಗೆ ನುಣುಪಾಗಿತ್ತು, ಥೇಟ್ ಅಜ್ಜಯ್ಯ ನಶ್ಯದ ಡಬ್ಬಿ ಇಡುತ್ತಿದ್ದ ಜಾಗದ ಹಾಗೆ. ಅಂಗಡಿಯವನು, ಬಿಳಿ ಗಡ್ಡದ ಮುದುಕ, ನಾನು ಅಲ್ಲಿ ಬೆರಳಾಡಿಸುವುದನ್ನು ನೋಡಿ ಕುರ್ಚಿಯನ್ನು ವಾಲಿಸಿ ಒಳಗಿನ ಕೆಂಪು ಗುರುತನ್ನು ತೋರಿಸಿದ. ಬಡಗಿಯ ಕೈವಾರದ ಚಿತ್ರ. ಅದರೊಳಗೆ ಫ್ಲೆಮಿಷ್ ಭಾಷೆಯ ಮೂರು ಮಾತು, "ನನ್ನ ಕೈಲಾದಷ್ಟು" ಎಂಬ ಅರ್ಥದ್ದು. ಅದರ ಕೆಳಗೆ ಸ್ಟಿಕ್ಲಿಯ ಹೆಸರು.

ಪಕ್ಕದಲ್ಲೇ ಅದರ ಅವಳಿಯಂಥ ಇನ್ನೊಂದು ಕುರ್ಚಿ ಇತ್ತು, ಹೊಸದರಂತೆ ಹೊಳೆಯುತ್ತಿತ್ತು. ನಾನು ಅದಕ್ಕೇ ಹೆಚ್ಚು ಬೆಲೆ ಇರಬೇಕೆಂದು ಕೇಳಿದರೆ, ಅದು ಅರ್ಧಕ್ಕಿಂತಲೂ ಕಡಿಮೆ! ಯಾರೋ ಪುಣ್ಯಾತ್ಮರು ಮೇಲಿನ ಬಣ್ಣವನ್ನು ಕೆರೆಸಿ ಹೊಸದಾಗಿ ಪಾಲಿಶ್ ಹೊಡೆಸಿದ್ದರು. ಆ ಕಂದು ಬಣ್ಣ ಬಳಿದದ್ದಲ್ಲ, ಅಪ್ಪ. ಓಕ್ ಮರದಲ್ಲಿ ಅಳಲೆಕಾಯಿಯಲ್ಲಿ ಇರುವಂಥದೇ ಒಗರು, ಟ್ಯಾನಿನ್ನು ಇದೆ. ಸಾಮಾನನ್ನು ಗಾಳಿಯಾಡದ ಕೋಣೆಯಲ್ಲಿಟ್ಟು, ಅಮೋನಿಯಾ ತುಂಬಿದ ತಟ್ಟೆಗಳನ್ನು ಜೊತೆಗಿಟ್ಟು ಬಾಗಿಲು ಹಾಕಿದರೆ, ಆವಿ ಮರದೊಳಗೆ ಇಳಿದು ಒಗರನ್ನು ಹಿಡಿದು ಕಂದಾಗಿಸುತ್ತದೆ. ಕುದುರೆ ಲಾಯದ ತೊಲೆಗಳು ಗಂಜಲದ ಆವಿಗೆ ಕಪ್ಪಾದದ್ದನ್ನು ನೋಡಿ ಇದನ್ನು ಕಂಡುಕೊಂಡರೆಂದು ಹೇಳುತ್ತಾರೆ. ಅಮ್ಮ, ನಿನ್ನ ಕೊಟ್ಟಿಗೆಯ ವಾಸನೆ ಇಲ್ಲಿ ಸಾವಿರಾರು ಡಾಲರಿನ ಸಾಮಾನಿಗೆ ಬಣ್ಣ ಕೊಟ್ಟಿದೆ ಎಂದರೆ ನಂಬುತ್ತೀಯಾ?

ಇಷ್ಟನ್ನು ಏಕೆ ಬರೆದೆನೆಂದರೆ, ವ್ಯಾಪಾರಿ "ಕೆರೆದು ಪಾಲಿಶ್ ಮಾಡಿಸಿ ಇಟ್ಟಿರಿ, ಇನ್ನೂ ಹತ್ತು ಸಾವಿರ ಕೊಡುತ್ತೇನೆ" ಎಂದಿದ್ದಾನೆಂದು ನೀವು ಬರೆದಿದ್ದೀರಿ. ಬೀಟೆಯ ಬಣ್ಣ ಮರದ್ದೇ, ಅಮೋನಿಯಾದ್ದಲ್ಲ, ಒಪ್ಪಿದೆ. ಆದರೂ ಅಜ್ಜಯ್ಯನ ಕೈ ಸವೆಸಿದ ತೋಳಿಗೆ ಉಪ್ಪುಕಾಗದ ತಾಗಿಸಿದರೆ ಉಳಿಯುವುದು ಬರೀ ಮರ. ದಯವಿಟ್ಟು ಕೆರೆಸಬೇಡಿ. ಒದ್ದೆ ಬಟ್ಟೆಯಿಂದ ಕೂಡ ಒರೆಸಬೇಡಿ. ಬೆತ್ತ ಜೋತಿದ್ದರೆ ಜೋಲಲಿ, ಮಳೆಗಾಲ ಮುಗಿದ ಮೇಲೆ ಹೆಣೆಸೋಣ.

ಮಾರಲೇಬೇಕಾದರೆ ಅಮೆರಿಕದಲ್ಲೇ ಮಾರಿಸು, ಅಲ್ಲಿ ಲಕ್ಷಗಟ್ಟಲೆ ಬರುತ್ತದೆ ಎಂಬುದು ರಮೇಶ ಚಿಕ್ಕಪ್ಪನ ಸಲಹೆಯಂತೆ. ಬಾರ್ಬ್ರಾ ಸ್ಟ್ರೈಸಾಂಡ್ ಎಂಬ ಗಾಯಕಿ 1988ರಲ್ಲಿ ಸ್ಟಿಕ್ಲಿಯ ಸ್ವಂತ ಮನೆಯಲ್ಲಿದ್ದ ಒಂದು ಕಪಾಟನ್ನು ಹರಾಜಿನಲ್ಲಿ 3,63,000 ಡಾಲರಿಗೆ ಕೊಂಡದ್ದನ್ನು ಅವನು ಎಲ್ಲೋ ಓದಿರಬೇಕು. ಅದು ಸ್ಟಿಕ್ಲಿಯ ಮನೆಯ ಕಪಾಟು, ನಮ್ಮದು ನಡುಮನೆಯ ಕಪಾಟು. ಅಲ್ಲದೆ ಬೀಟೆ ಮರ ವಿದೇಶಕ್ಕೆ ಹೋಗಬೇಕಾದರೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ಕಪಾಟಿಗೆ ನೂರು ದಾಟಿದೆ ಎಂದು ನೀವೇ ಹೇಳುತ್ತೀರಿ, ಅಷ್ಟು ಹಳೆಯ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸಲು 1972ರ ಕಾಯಿದೆ ಬಿಡುವುದಿಲ್ಲ. ಆದ್ದರಿಂದ ಚಿಕ್ಕಪ್ಪ ಹಡಗಿನ ಬಾಡಿಗೆ ವಿಚಾರಿಸುವುದನ್ನು ನಿಲ್ಲಿಸಲಿ. ಸ್ಟಿಕ್ಲಿಯೇ ಇಷ್ಟೆಲ್ಲ ಮಾಡಿ 1915ರಲ್ಲಿ ದಿವಾಳಿಯಾದನು ಎಂಬುದನ್ನೂ ಅವನಿಗೆ ಹೇಳಬಹುದು.

ಈಗ ಮಡಕೆಗಳ ವಿಷಯ. ಒಂದು ಸಾಲು ಪೂರ್ತಿ ಹಸಿರು, ನೀಲಿ ಮಡಕೆಗಳು. ಹೊಳಪಿಲ್ಲದ ಹಸಿರು, ಸೌತೆಕಾಯಿಯ ಸಿಪ್ಪೆಯ ಹಾಗೆ. ಅವುಗಳಲ್ಲಿ ಮಾರ್ಬಲ್‌ಹೆಡ್ ಎಂಬ ಊರಿನವು ಇದ್ದವು. 1904ರಲ್ಲಿ ಅಲ್ಲಿನ ವೈದ್ಯನೊಬ್ಬ, ನರಗಳ ಬಳಲಿಕೆಯಿಂದ ಬಂದ ರೋಗಿಗಳಿಗೆ ಸುಮ್ಮನೆ ಮಲಗುವುದರ ಬದಲು ಮಣ್ಣು ಕಲಸಿ ಪಾತ್ರೆ ಮಾಡುವ ಕೆಲಸ ಕೊಟ್ಟನಂತೆ. ರೋಗಿಗಳಿಗಿಂತ ಮಡಕೆಗಳೇ ಚೆನ್ನಾಗಿ ಬೆಳೆದು ಕೊನೆಗೆ ಅದು ಬೇರೆ ಕಾರ್ಖಾನೆಯೇ ಆಯಿತು. ಆಪರೇಷನ್ನಿನ ನಂತರ ಆರು ವಾರ ಏನು ಮಾಡಲಿ ಎಂದು ನೀವು ಕೇಳಿದಿರಲ್ಲ, ಇದು ಉತ್ತರ. ಮಣ್ಣು ಬೇಡವೆಂದರೆ ಅಡಿಕೆ ಆರಿಸಿ.

ಅಮ್ಮನಿಗೊಂದು ಮಾತು. ಸಿನ್ಸಿನಾಟಿಯ ರುಕ್‌ವುಡ್ ಎಂಬ ಮಡಕೆಯ ಕಾರ್ಖಾನೆಯನ್ನು 1880ರಲ್ಲಿ ಶುರು ಮಾಡಿದ್ದು ಒಬ್ಬ ಹೆಂಗಸು. ನ್ಯೂ ಆರ್ಲಿಯನ್ಸಿನ ನ್ಯೂಕಂಬ್ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಚಿತ್ರ ಬಿಡಿಸಿ ಸಂಪಾದಿಸಲೆಂದು 1895ರಲ್ಲಿ ಮಡಕೆಶಾಲೆ ತೆರೆದರು, ಆದರೆ ತಿಗುರಿ ತಿರುಗಿಸಲು ಗಂಡಸನ್ನೇ ಇಟ್ಟರು. ದೋಸೆ ಹಿಟ್ಟು ರುಬ್ಬುವ ನಿನ್ನ ತೋಳನ್ನು ಅವರು ನೋಡಿರಲಿಲ್ಲ.

ಮುಚ್ಚಿಡುವುದಿಲ್ಲ, ಒಂದು ಕುಡಿಕೆ ಕೊಂಡೆ. ಗೇಣುದ್ದ, ಮಾಸಲು ನೀಲಿ, ತಳದ ಅಂಚಿನಲ್ಲಿ ಉಗುರಿನಷ್ಟು ಒಡೆದಿದೆ, ಅದಕ್ಕೇ ಅಗ್ಗ. 110 ಡಾಲರು. ನೀವು ರೂಪಾಯಿಗೆ ಗುಣಿಸುತ್ತೀರೆಂದು ಗೊತ್ತು, ಗುಣಿಸಬೇಡಿ. ತಲೆಕೆಳಗೆ ಮಾಡಿದರೆ ಕೆಳಗೆ ಬೆನ್ನಿಗೆ ಬೆನ್ನು ತಾಗಿಸಿದ ಎರಡು ಅಕ್ಷರ, ಅವುಗಳ ಸುತ್ತ ಬೆಂಕಿಯ ನಾಲಿಗೆಗಳು. ರುಕ್‌ವುಡ್ಡಿನವರು 1887ರಿಂದ ವರ್ಷಕ್ಕೊಂದು ಜ್ವಾಲೆ ಸೇರಿಸುತ್ತಾ 1900ಕ್ಕೆ ಹದಿನಾಲ್ಕು ಮಾಡಿ, ಆಮೇಲೆ ಜಾಗವಿಲ್ಲದೆಯೋ ಬೇಸರ ಬಂದೋ, ಕೆಳಗೆ ರೋಮನ್ ಅಂಕಿ ಹಾಕಲು ತೊಡಗಿದರು. ಜ್ವಾಲೆಗಳನ್ನು ಅನಿರುದ್ಧ ಎಣಿಸಿದ, ಎರಡು ಸಲ. ಅಂಕಿ ಓದಿದವಳು ನಾನು: ಇಪ್ಪತ್ತಾರು. 1926, ಅಜ್ಜಯ್ಯ ಹುಟ್ಟಿದ ವರ್ಷ. ಇನ್ನೇನು ಮಾಡಬೇಕಿತ್ತು ಹೇಳಿ.

ಇನ್ನು ದುಡ್ಡು. ಎರಡೂ ಮಂಡಿಗೆ ಸೇರಿ ಡಾಕ್ಟರು ಹೇಳಿದ ಐದು ಲಕ್ಷವನ್ನು ಸೋಮವಾರ ನಿಮ್ಮ ಖಾತೆಗೆ ಹಾಕಿದ್ದೇನೆ, ಅಮ್ಮನ ಹೆಸರೂ ಇರುವ ಖಾತೆಗೆ, ನೀವು ವಾಪಸ್ ಕಳಿಸಬಾರದೆಂದು. ಇದು ಸಾಲ ಮಾಡಿದ್ದಲ್ಲ. ಇದರಿಂದ ನಮಗೆ ಯಾವ ತೊಂದರೆಯೂ ಇಲ್ಲ. ಕಾರಿನ ಕಂತು ತೀರಿದೆ, ಮನೆಯ ಕಂತು ತಪ್ಪಿಲ್ಲ, ಅನಿರುದ್ಧನ ಸ್ಕೂಲಿಗೆ ಫೀಸೇ ಇಲ್ಲ, ನಾವಿಬ್ಬರೂ ಗಟ್ಟಿ ಇದ್ದೇವೆ, ಕಳೆದ ತಿಂಗಳ ಕೆಮ್ಮೂ ಹೋಯಿತು, ಅದು ಬರೀ ಕೆಮ್ಮು. ಮಗಳ ದುಡ್ಡು ಎಂದು ಹಿಂಜರಿಯುತ್ತೀರಿ, ನನಗೆ ಗೊತ್ತು. ನನ್ನ ಎಂಜಿನಿಯರಿಂಗಿಗೆ ನೀವು ಮಾವಿನಕೊಪ್ಪದ ಎರಡು ಎಕರೆ ಮಾರಿದಿರಲ್ಲ, ಆಗ ನಾನು ಕೇಳಿದೆನೇ? ಅಷ್ಟು ಮೆಟ್ಟಿಲು ಹತ್ತಲಾರದೆ ದೇವರ ಕೋಣೆಯ ಹೊಸಿಲಲ್ಲೇ ಕುಳಿತು ಪೂಜೆ ಮಾಡುತ್ತೀರೆಂದು ಅಮ್ಮ ಹೇಳಿದಳು. ನೀವು ನನಗೆ ಬರೆದದ್ದು "ಸ್ವಲ್ಪ ಹಿಡಿದ ಹಾಗೆ" ಎಂದು.

ಮಾರ್ಚ್ 14ರ ತಾರೀಖನ್ನು ಮುಂದಕ್ಕೆ ಹಾಕಬೇಡಿ. ಚಿಕ್ಕಪ್ಪ ಕಾರು ತರುತ್ತಾನೆ, ಒಪ್ಪಿದ್ದಾನೆ. ನಾನು 10ಕ್ಕೆ ಬೆಂಗಳೂರಿಗೆ ಇಳಿದು ರಾತ್ರಿ ಬಸ್ಸಿಗೆ ಬರುತ್ತೇನೆ, ಟಿಕೆಟ್ ಆಗಿದೆ, ಇದನ್ನು ಕೊನೆಗೆ ಹೇಳಿದ್ದು ನೀವು ಬೈಯುತ್ತೀರೆಂದು. ಆಸ್ಪತ್ರೆಯಿಂದ ಬಂದ ಮೇಲೆ ತಗ್ಗಿನ ಕುರ್ಚಿಯಲ್ಲಿ ಕೂರಬಾರದಂತೆ, ಆದ್ದರಿಂದ ಅಜ್ಜಯ್ಯನದು ಸ್ವಲ್ಪ ದಿನ ಖಾಲಿಯೇ ಇರಲಿ. ವ್ಯಾಪಾರಿ ಮತ್ತೆ ಬಂದರೆ ಕಾಫಿ ಕೊಟ್ಟು ಕಳಿಸಿ. ಮುಂಗಡ ಏನಾದರೂ ಈಸಿಕೊಂಡಿದ್ದೀರಾ? ಈಸಿಕೊಂಡಿದ್ದರೆ ಚಿಕ್ಕಪ್ಪನ ಕೈಯಲ್ಲಿ ನಾಳೆಯೇ ಹಿಂದಿರುಗಿಸಿ, ಇದನ್ನು ಓದುತ್ತಿರುವ ಚಿಕ್ಕಪ್ಪನಿಗೂ ಅದೇ ಮಾತು.

ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕೂ ಮುಕ್ಕಾಲು. ಗೌರಿಯ ಕರುವಿಗೆ ಹೆಸರಿಟ್ಟಿರಾ? ಉಪ್ಪಿನಕಾಯಿ ಕಳಿಸುವುದು ಬೇಡ, ನಾನೇ ತರುತ್ತೇನೆ.

ಇಂತಿ ನಿಮ್ಮ ಮಗಳು,
ವಸುಧಾ