ಬ್ರಿಟನ್‌ನಲ್ಲಿ ಕಾನೂನು ಮಾಡುವವರು ಯಾರು?

ಸಂಪಾದಕರೇ,

ಬ್ರಿಟನ್‌ನಲ್ಲಿ ಈಗಲೂ ರಾಜನೇ ಕಾನೂನು ಮಾಡುತ್ತಾನೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ನನ್ನ ತರಗತಿಯ ಮಕ್ಕಳೂ ಹೀಗೇ ತಿಳಿದಿದ್ದರು. ಅದು ಹಾಗಲ್ಲ. ಮಸೂದೆಗೆ ಅಲ್ಲಿನ ಪಾರ್ಲಿಮೆಂಟಿನ ಕಾಮನ್ಸ್ (ಜನ ಆರಿಸಿದವರ ಸದನ) ಮತ್ತು ಲಾರ್ಡ್ಸ್ ಎರಡೂ ಸದನಗಳಲ್ಲಿ ಮೂರು ಮೂರು ವಾಚನ, ಅಂದರೆ ಮಸೂದೆಯನ್ನು ಸದನದ ಮುಂದಿಡುವ ಹಂತ, ಆಗಬೇಕು. ಸಮಿತಿ ಹಂತದಲ್ಲಿ ಒಂದೊಂದು ಸಾಲನ್ನೂ ಜಾಲಾಡುತ್ತಾರೆ. ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ಮಸೂದೆ ಎರಡು ಸದನಗಳ ನಡುವೆ ಓಡಾಡುತ್ತಲೇ ಇರುತ್ತದೆ. ರಾಜನ ಅಂಕಿತ ಕೊನೆಗೆ. ಅದನ್ನು ಕಡೆಯ ಸಲ ನಿರಾಕರಿಸಿದ್ದು 1708ರಲ್ಲಿ ರಾಣಿ ಆ್ಯನ್, ಅದೂ ಮಂತ್ರಿಗಳ ಸಲಹೆಯಂತೆ.

ನನಗೆ ಜಾಸ್ತಿ ಹಿಡಿಸುವುದು 1911ರ ಪಾರ್ಲಿಮೆಂಟ್ ಕಾಯ್ದೆ. ಜನ ಆರಿಸದ ಲಾರ್ಡ್ಸ್ ಸದನ 1909ರಲ್ಲಿ ಬಜೆಟ್ಟನ್ನೇ ತಿರಸ್ಕರಿಸಿತ್ತು. ಆ ಜಗಳದಿಂದ ಈ ಕಾಯ್ದೆ ಬಂತು. ಇದರಂತೆ ಹಣಕಾಸು ಮಸೂದೆಯನ್ನು ಲಾರ್ಡ್ಸ್‌ನವರು ಒಂದು ತಿಂಗಳು ಮಾತ್ರ ತಡೆಯಬಹುದು. 1949ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾದ ನಂತರ ಉಳಿದ ಹೆಚ್ಚಿನ ಮಸೂದೆಗಳನ್ನು ಸುಮಾರು ಒಂದು ವರ್ಷ, ಅಷ್ಟೇ. ಕೊನೆಯ ಮಾತು ಜನ ಆರಿಸಿದವರದು.

ನಮ್ಮ ಸಂವಿಧಾನದ 79ನೇ ವಿಧಿಯ ಪ್ರಕಾರ ರಾಷ್ಟ್ರಪತಿಯೂ ಸಂಸತ್ತಿನ ಭಾಗ. ಅದರ ಬೇರು ಬ್ರಿಟನ್‌ನ ಈ ಪದ್ಧತಿಯಲ್ಲೇ ಇದೆ, ಅಲ್ವಾ? ನಮ್ಮ ಮಸೂದೆಗಳು ಯಾವ ಹಂತದಲ್ಲಿವೆ ಎಂದು ಪತ್ರಿಕೆ ವಾರಕ್ಕೊಮ್ಮೆ ನಾಲ್ಕು ಸಾಲು ಬರೆದರೆ, ತರಗತಿಯಲ್ಲಿ ಓದಿ ಹೇಳುತ್ತೇನೆ.

– ಒಬ್ಬ ಶಿಕ್ಷಕಿ, ಶಿವಮೊಗ್ಗ