ಶುಂಭವಧೆಯವರೆಗೆ ಜೊತೆಗಿದ್ದವರಿಗೆ

ದೇವೀಮಹಾತ್ಮೆಯನ್ನು ಮೂರು ಕಂತಿನ ಕಾಲಮಿತಿ ಯಕ್ಷಗಾನವಾಗಿ ಆಡುವ ನಮ್ಮ ಹವ್ಯಾಸಿ ಬಳಗದ ಕೆಲಸ ಮೊನ್ನೆ ಕಾಸರಗೋಡಿನ ಕುಂಬಳೆ ಸೀಮೆಯ ಬಯಲಿನಲ್ಲಿ ಶುಂಭನ ವಧೆಯೊಂದಿಗೆ ಪೂರ್ತಿಯಾಯಿತು. ಮೂಲದ 13 ಅಧ್ಯಾಯಗಳಲ್ಲಿ ಮಧುಕೈಟಭರ ಚರಿತೆಗೆ ಸಿಕ್ಕಿರುವುದು ಒಂದೇ ಅಧ್ಯಾಯ, ಮಹಿಷಾಸುರನಿಗೆ ಮೂರು. ಉಳಿದ ಒಂಬತ್ತೂ ಮೂರನೆಯ ಚರಿತೆಯವು. ಧೂಮ್ರಾಕ್ಷ, ಚಂಡಮುಂಡರು, ರಕ್ತಬೀಜ, ನಿಶುಂಭ, ಶುಂಭ ಇಷ್ಟೂ ಜನರನ್ನು ದೇವಿ ಒಂದೇ ಸಂಜೆ ಮುಗಿಸಬೇಕು, ಅದೂ ಧ್ವನಿವರ್ಧಕ ನಿಲ್ಲಿಸಬೇಕಾದ ರಾತ್ರಿ 10 ಗಂಟೆಯ ಒಳಗೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಆಟವೆಂದರೆ ನೋಡಲು ಕೂತವರಲ್ಲಿ ಅರ್ಧ ಜನ ಪರೀಕ್ಷಕರೇ. ಅವರೂ ಮಂಗಳದವರೆಗೆ ಎದ್ದುಹೋಗಲಿಲ್ಲ. ಅದಕ್ಕೆ ಕಾರಣರಾದವರನ್ನು ನೆನೆಯುವುದಕ್ಕೆ ಈ ಬರಹ.

ಮೊದಲ ನಮಸ್ಕಾರ ಹಾಡಿ ಆಟ ನಡೆಸುವ ಭಾಗವತರಿಗೆ. ಶುಂಭನ ದೂತ ಸುಗ್ರೀವ ಬಂದು ಮದುವೆಯ ಮಾತೆತ್ತುತ್ತಾನೆ. ಯುದ್ಧದಲ್ಲಿ ಗೆದ್ದು ನನ್ನ ದರ್ಪ ಇಳಿಸಿದವನೇ ನನಗೆ ಗಂಡ ಎಂದು ದೇವಿ ಪಣ ಹೇಳುತ್ತಾಳೆ. ಪದ್ಯಕ್ಕೆ ಮಾತು ಕಟ್ಟಿ ಆಡುವ ಅರ್ಥಧಾರಿಗಳಿಗೆ ಇದು ಹಬ್ಬದೂಟ. ಬಿಟ್ಟರೆ ಒಂದು ಗಂಟೆ ಸರಾಗ. ಇಲ್ಲಿ ಗಂಟೆ ಹೋದರೆ ರಕ್ತಬೀಜ ಓಡುತ್ತ ಬಂದು ಓಡುತ್ತಲೇ ಸಾಯಬೇಕಾಗುತ್ತದೆ. ಭಾಗವತರು ಈ ಸಂವಾದಕ್ಕೆ 20 ನಿಮಿಷ ಕಟ್ಟಿದರು, ಪದ್ಯಗಳನ್ನು ನಾಲ್ಕಕ್ಕೆ ಇಳಿಸಿದರು, ಮಾತು ಉದ್ದವಾದರೆ ಜಾಗಟೆಗೆ ಒಂದೇ ಪೆಟ್ಟು ಎಂದು ಮೊದಲೇ ತಿಳಿಸಿದರು. ಆ ಪೆಟ್ಟಿಗೆ ಮರ್ಯಾದೆ ಕೊಟ್ಟು, ನಾಲಗೆಯ ತುದಿಗೆ ಬಂದಿದ್ದ ಮಾತನ್ನು ನುಂಗಿಕೊಂಡ ಇಬ್ಬರೂ ಅರ್ಥಧಾರಿಗಳ ಋಣ ದೊಡ್ಡದು. ಚೆನ್ನಾಗಿ ಮಾತಾಡುವವರಿಗೆ ಮಾತು ನಿಲ್ಲಿಸುವುದು ಎಷ್ಟು ಕಷ್ಟವೆಂದು, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಗೆ ಹೋಗುವವರೆಲ್ಲ ಬಲ್ಲರು.

ಇನ್ನು ರಕ್ತಬೀಜ. ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಅವನಂಥ ಅಸುರ ಏಳುವುದನ್ನು ಪದ್ಯ ಮತ್ತು ಮಾತಿನಲ್ಲೇ ದಾಟಿಸಿಬಿಡಬಹುದು. ಇಲ್ಲಿ ಅದನ್ನು ಕಣ್ಣಿಗೆ ಕಾಣಿಸಲು ನಾಟ್ಯ ತರಗತಿಯ ಆರು ಮಕ್ಕಳು ಮರಿ ರಕ್ತಬೀಜರಾದರು. ಕುಂಕುಮದ ನೀರು ಎರಚಿದರೆ ಜರಿಯ ಮೇಲಿನ ಕಲೆ ಹೋಗುವುದಿಲ್ಲ, ರಂಗಸ್ಥಳ ಜಾರುತ್ತದೆ, ಧೀಂಗಿಣ (ಸುತ್ತುತ್ತ ನೆಗೆಯುವ ಕುಣಿತ) ಹಾಕುವವನ ಕಾಲು ಮುರಿಯುತ್ತದೆ. ಹಾಗಾಗಿ ರಕ್ತಕ್ಕೆ ಮೊಳದುದ್ದದ ಕೆಂಪು ಬಟ್ಟೆಯ ಪಟ್ಟಿಗಳು. ಬರೀ ಬಟ್ಟೆ ಗಾಳಿಗೆ ತೇಲಿ ಎಲ್ಲೋ ಬೀಳುತ್ತದೆ; ಒಂದು ತುದಿಗೆ ಮಣಿ ಹೊಲಿದರೆ ಎಸೆದಲ್ಲಿಗೇ ಹೋಗುತ್ತದೆ. ಪಟ್ಟಿಗಳು ದೇವಿಯ ಎಡಮುಷ್ಟಿಯಲ್ಲಿ, ಖಡ್ಗ ಬಲಗೈಯಲ್ಲಿ. ಪಟ್ಟಿ ನೆಲ ಮುಟ್ಟಿದ ಮೇಲೆ ಚೆಂಡೆಯ ಒಂದು ಉರುಳಿಕೆ, ಅದು ಮುಗಿದ ಕ್ಷಣಕ್ಕೆ ಹಿಂದೆ ತಗ್ಗಿಸಿ ಹಿಡಿದ ತೆರೆಯ ಮರೆಯಿಂದ ಮಗು ನೆಗೆಯಬೇಕು. ಉರುಳಿಕೆಗೆ ಮೊದಲೇ ತಲೆ ಕಂಡರೆ ಹನಿಗೂ ಅಸುರನಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ತಡವಾದರೆ ದೇವಿ ಸುಮ್ಮನೆ ನಿಂತು ಕಾಯಬೇಕು. ಆ ಲೆಕ್ಕ ಮಕ್ಕಳ ಮೈಗೆ ಹತ್ತುವವರೆಗೆ ಕೈ ನೋಯುವಷ್ಟು ಬಾರಿಸಿದ ಚೆಂಡೆಯ ಅಣ್ಣನಿಗೆ, ತೆರೆ ಹಿಡಿದು ಬಗ್ಗಿಯೇ ನಿಂತ ಇಬ್ಬರು ಹುಡುಗರಿಗೆ ನಾವು ಕೃತಜ್ಞರು.

ಅದೇ ಹೊತ್ತಿಗೆ ಬ್ರಹ್ಮಾಣಿಯಿಂದ ಐಂದ್ರಿಯವರೆಗೆ ಏಳು ಮಾತೃಕೆಯರೂ ರಂಗದ ಮೇಲಿರುತ್ತಾರೆ. ದೇವಿ, ಕಾಳಿ, ರಕ್ತಬೀಜ, ಮರಿಗಳು ಸೇರಿ ಹದಿನಾರು ವೇಷ. ರಂಗಸ್ಥಳ 20 ಅಡಿಗೆ 16. ಕುಣಿಯುವುದು ದೇವಿ ಮತ್ತು ದೊಡ್ಡ ರಕ್ತಬೀಜ ಮಾತ್ರ, ಉಳಿದವರದು ಅಂಚಿನಲ್ಲೇ ಹೆಜ್ಜೆ ಎಂಬ ನಿಯಮವನ್ನು ಮಕ್ಕಳೂ ಮುರಿಯಲಿಲ್ಲ. ಪೂರ್ತಿ ಕಿರೀಟವೇಷ ಕಟ್ಟಲು ಒಬ್ಬೊಬ್ಬರಿಗೂ ಗಂಟೆ ಬೇಕು. ಮಕ್ಕಳಿಗೆ ಒಂದೇ ಬಣ್ಣದ ದಗಲೆ (ವೇಷದ ಅಂಗಿ), ಎದೆಪದಕ, ಥರ್ಮೋಕೋಲ್ ಕಿರೀಟ ಇಷ್ಟರಲ್ಲೇ ಹೊಂದಿಸಿದ ವೇಷಭೂಷಣದವರ ಜಾಣ್ಮೆ ಮೆಚ್ಚಬೇಕಾದದ್ದು.

ಕಾಳಿಗೆ ನಾವು ಆಯ್ದದ್ದು ರಾಕ್ಷಸಿಯರಿಗೆ ಬರೆಯುವ ಹೆಣ್ಣುಬಣ್ಣದ ಮುಖ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನ ಸಾಲಿನಂತೆ ಇಡುವ ಚಿಟ್ಟಿಗೆ ಮೂರು ಗಂಟೆ ಬೇಕೇ ಬೇಕು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಹಿಟ್ಟು ಬೆವರಿಗೆ ಕಳಚಿ ಬೀಳುತ್ತದೆ. ಬಣ್ಣದ ಎಣ್ಣೆ ಚಿಟ್ಟಿ ಇಡುವ ಜಾಗಕ್ಕೆ ಹರಿಯಬಾರದು, ಒಂದು ಸಾಲು ಒಣಗದೆ ಅದರ ಮೇಲೆ ಇನ್ನೊಂದು ಇಡಬಾರದು. ಮಧ್ಯಾಹ್ನ ಮೂರಕ್ಕೇ ವೇಷ ಕಟ್ಟುವ ಚೌಕಿಗೆ ಬಂದು, ಅಷ್ಟೂ ಹೊತ್ತು ಮುಖ ಅಲ್ಲಾಡಿಸದೆ ಕೂತ ಕಾಳಿಗೂ, ಆಕೆಗೆ ಕೊಳವೆಯಲ್ಲಿ ಮಜ್ಜಿಗೆ ಕುಡಿಸಿದ ಅಕ್ಕನಿಗೂ ವಂದನೆ. ರಕ್ತ ಹೀರುವ ನಾಲಗೆ ನಮ್ಮ ತೋಟದ ಅಡಿಕೆ ಹಾಳೆಯದು. ನೀರಿನಲ್ಲಿ ನೆನೆಸಿ, ಕತ್ತರಿಸಿ, ಭಾರದ ಅಡಿಯಲ್ಲಿಟ್ಟು ಒಣಗಿಸದಿದ್ದರೆ ಅದು ಸುರುಳಿಯಾಗುತ್ತದೆ. ಕುಂಕುಮ ಹಚ್ಚಿದರೆ ಎಂಜಲಿಗೆ ಕರಗುವುದರಿಂದ ಕೆಂಪು ಬಟ್ಟೆ ಅಂಟಿಸಿ, ಹಲ್ಲಿನಲ್ಲಿ ಕಚ್ಚುವ ಎರಡು ಅಂಗುಲ ಮಾತ್ರ ಬರಿದಾಗಿ ಬಿಟ್ಟದ್ದು. ನಾಲಗೆ ಕಚ್ಚಿದ ಮೇಲೆ ಮಾತಿಲ್ಲ; ಆ ಭಾಗದ ಕಾಳಿಯ ಅರ್ಥವನ್ನೆಲ್ಲ ಭಾಗವತರು ಪದ್ಯಕ್ಕೇ ಹಾಕಿಕೊಟ್ಟರು.

ಕಾಳಿಯ ಪ್ರವೇಶಕ್ಕೆ ದೊಂದಿ ಹಿಡಿದವರು, ಅದರ ಉರಿ ಭುಗಿಲೇಳುವಂತೆ ರಾಳ ಎಸೆದವರು ಬೆಂಕಿಯ ಕೆಲಸ ಬಲ್ಲವರು. ರಾಳದ ಪುಡಿ ನಯವಾಗಿ, ಒಣಗಿರಬೇಕು. ತೇವ ಹಿಡಿದದ್ದು ಗಂಟುಗಂಟಾಗಿ ಉರಿಯದೆ ನೆಲಕ್ಕೆ ಬಿದ್ದು ಬರಿಗಾಲಿಗೆ ಅಂಟುತ್ತದೆ. ಒಂದು ಸಲಕ್ಕೆ ಅರ್ಧ ಹಿಡಿಗಿಂತ ಹೆಚ್ಚಿಲ್ಲ, ಗಾಳಿಗೆ ಎದುರಾಗಿ ಎಸೆಯುವ ಹಾಗಿಲ್ಲ, ಬಿಚ್ಚುಗೂದಲಿನ ವೇಷದಿಂದ ಆರಡಿ ದೂರ. ಒದ್ದೆ ಗೋಣಿ, ಮರಳಿನ ಬಕೆಟು ಹಿಡಿದು ಪಕ್ಕದಲ್ಲೇ ನಿಂತು ಆಟವನ್ನೇ ನೋಡದವರ ಹೆಸರು ಕರಪತ್ರದಲ್ಲಿ ಇರಲಿಲ್ಲ. ಅವರಿಗೆ ಇಲ್ಲಿ ನಮಸ್ಕಾರ.

ಗದ್ದೆಯ ಮಂಜಿಗೆ ಚರ್ಮವಾದ್ಯದ ಬಿಗಿ ಇಳಿಯುತ್ತದೆ. ಮದ್ದಳೆಯ ಶ್ರುತಿ ಜಾರದಂತೆ ಕೆಂಡದ ಬಾಣಲೆ ಸಿದ್ಧವಿಟ್ಟು, ಇನ್ನೊಂದು ಮದ್ದಳೆ ಕಾಯಿಸುತ್ತಲೇ ಇದ್ದ ಮಾವನ ಕೆಲಸ ಕಿವಿಗೆ ಮಾತ್ರ ಗೊತ್ತು. ಚೆಂಡೆಗೆ ಬೇರೆ ಮೈಕ್ ಬೇಡ, ಭಾಗವತರ ಮೈಕ್‌ನಿಂದ ಐದಡಿ ಸರಿಸಿದರೆ ಸಾಕು ಎಂದ ಧ್ವನಿಯವರಿಗೂ ಹಾಗೆಯೇ.

ಮಲಯಾಳದಲ್ಲಿ ಒಂದು ಪುಟದ ಕಥಾಸಾರ ಬರೆದು ಹಂಚಿದ ನೆರೆಹೊರೆಯವರನ್ನು ಮರೆಯಲಾರೆವು. ಚಂಡಮುಂಡರ ತಲೆ ತಂದ ಕಾಳಿಗೆ ಚಾಮುಂಡಿ ಎಂಬ ಹೆಸರಾಯಿತೆಂಬ ಸಾಲನ್ನು ರಕ್ತಚಾಮುಂಡಿ ತೆಯ್ಯಂ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ) ನೋಡಿ ಬೆಳೆದವರಿಗೆ ವಿವರಿಸಬೇಕಾಗಲೇ ಇಲ್ಲ. ಕೊಯ್ಲಾದ ಗದ್ದೆ ಬಿಟ್ಟುಕೊಟ್ಟ ಮನೆಯವರಿಗೆ, ಕೂಳೆ ಕೆತ್ತಿ ನೆಲ ಸಮ ಮಾಡಿದವರಿಗೆ, ಗಂಜಿ ಬಡಿಸಿದವರಿಗೆ ಧನ್ಯವಾದ.

ಮೂರು ಕಂತಿಗೂ ಆಯ್ದ ಪದ್ಯಗಳ ಪಟ್ಟಿ ನಿಮಿಷದ ಲೆಕ್ಕ ಸಮೇತ ಭಾಗವತರಲ್ಲಿ ಇದೆ, ಆಡುವ ಮನಸ್ಸಿರುವ ಸಂಘದವರು ಪ್ರತಿ ಮಾಡಿಕೊಳ್ಳಬಹುದು. ಕೆಂಪು ಪಟ್ಟಿ, ಮಕ್ಕಳ ಕಿರೀಟ ಎರವಲು ಸಿಗುತ್ತದೆ. ಕಾಳಿಯ ನಾಲಗೆ ಮಾತ್ರ ಹೊಸದು ಮಾಡಿಸಿಕೊಳ್ಳಿ, ಇದು ಒಬ್ಬರ ಬಾಯಿಗಿಟ್ಟದ್ದು.