ಹಳೇ ಹಾಸಿಗೆ ಸೈಟಿಗೆ ಎಸೀಬೇಡಿ

ಸಂಪಾದಕರೇ, ನಮಸ್ಕಾರ.

ನಮ್ಮ ರೋಡಿನ ಕೊನೇಲಿರೋ ಖಾಲಿ ಸೈಟಲ್ಲಿ ಈ ವಾರ ಮತ್ತೆ ಎರಡು ಹಾಸಿಗೆ ಬಿದ್ದಿವೆ, ರಾತ್ರೋರಾತ್ರಿ ಯಾರೋ ತಂದು ಎಸೆದು ಹೋಗಿದಾರೆ, ಮಳೇಲಿ ನೆಂದು ನಾಯಿ ಕೂಡ ಮಲಗದ ಹಂಗಾಗಿವೆ. ಎಸೆದೋರನ್ನ ಬೈಯೋದೇನು ಸುಲಭ, ಹಳೇ ಹಾಸಿಗೆ ಗುಜರಿಯೋರಿಗೂ ಬೇಡ, ಕಸದ ಗಾಡಿಯೋರಿಗೂ ಬೇಡ. ಹತ್ತಿ ಹಾಸಿಗೆ ಆದ್ರೆ ಗಿಡಕ್ಕೆ ಬೇಕು, ಅದನ್ನ ಹೇಳೋಕೇ ಈ ಪತ್ರ.

ನಮ್ಮತ್ತೆ ಕಾಲದ ಹಾಸಿಗೆ ಒಂದಿತ್ತು. ಹೆಗಲ ಮೇಲೆ ಬಿಲ್ಲು ಇಟ್ಕೊಂಡು ಟ್ವಂಯ್ ಟ್ವಂಯ್ ಅಂತ ಮೀಟ್ಕೊಂಡು ಬರ್ತಿದ್ರಲ್ಲ ಹತ್ತಿ ಹಿಂಜೋರು, ಅವರ ಕೈಲಿ ಆಗಾಗ ಹಿಂಜಿಸಿ ಹೊಲಿಸ್ತಿದ್ರು, ಈಗ ನಮ್ಮ ಕಡೆ ಅವರು ಬರೋದೇ ನಿಂತೋಯ್ತು, ಹಾಸಿಗೆ ಗಂಟುಗಂಟಾಗಿ ಅಟ್ಟ ಸೇರಿತ್ತು. ಹೋದ ಬೇಸಿಗೇಲಿ ಬಿಚ್ಚಿ ಟೆರೇಸ್ ಮೇಲಿನ ಟೊಮ್ಯಾಟೊ, ಬದನೆ ಡ್ರಮ್ಮುಗಳ ಮಣ್ಣಿಗೆ ಕಲಸಿಬಿಟ್ಟೆ. ದಿನಾ ಹಾಕ್ತಿದ್ದ ನೀರು ಎರಡು ದಿನಕ್ಕೊಂದ್ಸಲ ಸಾಕಾಯ್ತು, ನಾನೇ ಜಾಣೆ ಅನ್ಕೊಂಡೆ. ಮೂರ್ನಾಲ್ಕು ವಾರಕ್ಕೆ ಕೆಳಗಿನ ಎಲೆಗಳೆಲ್ಲ ಅರಿಶಿನ ಬಳಿದಂಗೆ ಹಳದಿ! ರೋಗ ಅಂತ ಬೇವಿನೆಣ್ಣೆ ಹೊಡೆದಿದ್ದೇ ಬಂತು, ವಿಷಯ ಬೇರೇನೇ ಇತ್ತು. ಹತ್ತೀಲಿ ಇರೋದು ಹೆಚ್ಚುಕಮ್ಮಿ ಬರೀ ಸೆಲ್ಯುಲೋಸ್, ಅಂದ್ರೆ ಇಂಗಾಲ ತುಂಬಿರೋ ನಾರು, ಸಾರಜನಕ ಇಲ್ವೇ ಇಲ್ಲ ಅನ್ನಬಹುದು, ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕ ಮಣ್ಣಿಂದಲೇ ಎಳ್ಕೊಳ್ತವೆ, ಅಷ್ಟು ದಿನ ಗಿಡ ಉಪವಾಸ. ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಇದ್ರೆ ಗೊಬ್ಬರದ ರಾಶಿ ಚೆನ್ನಾಗಿ ಕೊಳೆಯುತ್ತೆ, ಬರೀ ಹತ್ತಿ ಆ ಲೆಕ್ಕಕ್ಕೆ ಹತ್ರಾನೂ ಬರಲ್ಲ.

ಈಗ ಹತ್ತೀನ ಮೊದ್ಲೇ ಬೇರೆ ಕಡೆ ಕೊಳೆಸ್ಕೊಳ್ತೀನಿ. ತಳಕ್ಕೆ ತೂತು ಮಾಡಿದ ಡ್ರಮ್ಮು, ಒಂದು ಪದರ ಹತ್ತಿ, ಅದರ ಮೇಲೆ ತರಕಾರಿ ಸಿಪ್ಪೆ, ಹಸಿ ಎಲೆ, ಮೇಲಿಂದ ಜೀವಾಮೃತ ಅನ್ನೋ ಸಗಣಿ ನೀರಿನ ಗೊಬ್ಬರ. ಅದಕ್ಕೆ 10 ಲೀಟರ್ ನೀರಿಗೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡ್ಲೆಹಿಟ್ಟು, ಒಂದು ಹಿಡಿ ಮಣ್ಣು. ಪಕ್ಕದ್ಮನೆಯೋರು ಹಂಡೆ ಒಲೆ ಬೂದೀನೂ ಸುರೀರಿ ಅಂದ್ರು, ನಾನು ಸುರೀಲಿಲ್ಲ, ಸಗಣಿ ಜೊತೆ ಬೂದಿ ಸೇರಿದ್ರೆ ಸಾರಜನಕ ಅಮೋನಿಯಾ ಆಗಿ ಹಾರೋಗುತ್ತೆ. ನಾಲ್ಕು ತಿಂಗಳಿಗೆ ಹತ್ತಿ ಅನ್ನೋ ಗುರ್ತೇ ಸಿಗ್ಲಿಲ್ಲ, ಕೈಲಿ ಹಿಡಿದ್ರೆ ಕಪ್ಪಗೆ, ಪುಡಿಪುಡಿ, ಮೊದಲ ಮಳೆ ವಾಸನೆ.

ದಿಂಬು ಮಾತ್ರ ಸತಾಯಿಸ್ತು. ಅದು ಬೂರುಗದ ಅರಳೆ, ಎಳೆ ಮೇಲೆ ಮೇಣದ ಥರ ಇರುತ್ತೆ, ಬಕೆಟ್ಟಲ್ಲಿ ಮುಳುಗಿಸಿದ್ರೆ ಬಾತುಕೋಳಿ ಥರ ತೇಲ್ಕೊಂಡು ಮೇಲೆ ಬರುತ್ತೆ, ಕಲ್ಲು ಹೇರಿ ಸಗಣಿ ಬಗ್ಗಡದಲ್ಲಿ ವಾರಗಟ್ಟಲೆ ನೆನೆಸ್ಬೇಕಾಯ್ತು.

ಎಲ್ಲಾ ಹಾಸಿಗೇನೂ ಹಿಂಗೆ ಮಾಡಕ್ಕಾಗಲ್ಲ. ಫೋಮ್, ರಬ್ಬರ್ ಸೇರಿಸಿದ ನಾರಿನ ಹಾಸಿಗೆ ಬೇಡ್ವೇ ಬೇಡ. ಹತ್ತಿ ಅಂತ ಕೊಟ್ಟಿರೋದ್ರಲ್ಲೂ ಪಾಲಿಯೆಸ್ಟರ್ ಇರುತ್ತೆ, ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ನೋಡಿ, ಹತ್ತಿ ಆದ್ರೆ ಪೇಪರ್ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ, ಪಾಲಿಯೆಸ್ಟರ್ ಕರಗಿ ಮಣಿ ಥರ ಗಟ್ಟಿಯಾಗುತ್ತೆ. ಅದು ಮಣ್ಣಿಗೆ ಹೋದ್ರೆ ಮೊಮ್ಮಕ್ಕಳ ಕಾಲಕ್ಕೂ ಹಂಗೇ ಇರುತ್ತೆ.

2015, 2016ರಲ್ಲಿ ನಮ್ಮ ಮೈಸೂರು ದೇಶಕ್ಕೇ ಕ್ಲೀನ್ ಸಿಟಿ ಅನ್ನಿಸ್ಕೊಂಡಿತ್ತು, ನೆನಪಿದ್ಯಲ್ಲ. ತಿಂಗಳಿಗೊಂದಿನ ವಾರ್ಡಿಗೊಂದು ಜಾಗದಲ್ಲಿ ಹತ್ತಿ ಹಾಸಿಗೆ, ಹಳೇ ಕಾಟನ್ ಸೀರೆ, ಗೋಣಿಚೀಲ ತಗೊಳೋ ವ್ಯವಸ್ಥೆ ಆದ್ರೆ ಟೆರೇಸ್ ಮೇಲೆ ಗಿಡ ಬೆಳೆಸೋರು ನಾವೇ ಹೊತ್ಕೊಂಡು ಹೋಗ್ತೀವಿ. ಅಂದ್ಹಂಗೆ ಸೈಟಲ್ಲಿ ಬಿದ್ದಿರೋದ್ರಲ್ಲಿ ಒಂದನ್ನ ಕಡ್ಡಿ ಗೀರಿ ನೋಡ್ದೆ, ಪಕ್ಕಾ ಹತ್ತಿ. ಒಂದೆರಡು ದಿನ ಬಿಸಿಲು ಬಂದ್ರೆ ಮಗನ ಕೈಲಿ ಎತ್ತಿಸ್ಕೊಂಡು ಬರೋಣ ಅಂತಿದೀನಿ, ಅವನು ರೋಡಲ್ಲಿ ಮಾನ ಹೋಗುತ್ತೆ ಕಣಮ್ಮ, ಕತ್ತಲಾದ್ಮೇಲೆ ಹೋಗೋಣ ಅಂತಿದಾನೆ.

ಇಂತಿ,
ಒಬ್ಬ ಓದುಗಳು, ಸರಸ್ವತಿಪುರಂ, ಮೈಸೂರು